ಕಕ್ಕಡದ ಶಿಬಿರಕ್ಕೆ ಜೀಪು ತಂದವರಿಗೆ

ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ನಮ್ಮ ಸೇವಾ ಕ್ಲಬ್ಬಿನ ಪರವಾಗಿ, ನಮ್ಮ ರಕ್ತದಾನ ಶಿಬಿರಕ್ಕೆ ನೆರವಾಗಿ ಹೆಸರು ಹೇಳದೆ ಹೊರಟುಹೋದ ಹಿರಿಯರೊಬ್ಬರಿಗೆ ಈ ಧನ್ಯವಾದವನ್ನು ಬರೆಯುತ್ತಿದ್ದೇವೆ.

ಕನ್ನಡಕ ವಿತರಣೆ, ಶಾಲಾ ಮಕ್ಕಳಿಗೆ ಪುಸ್ತಕ ಮುಂತಾದ ಕೆಲಸಗಳನ್ನು ಅನುಕೂಲವಾದ ತಿಂಗಳಿಗೆ ಇಟ್ಟುಕೊಳ್ಳಬಹುದು; ರಕ್ತದಾನ ಶಿಬಿರಕ್ಕೆ ಆ ಸ್ವಾತಂತ್ರ್ಯವಿಲ್ಲ. ಸಂಗ್ರಹಿಸಿದ ರಕ್ತವನ್ನು ಸಾಮಾನ್ಯವಾಗಿ 35 ದಿನಗಳವರೆಗೆ ಮಾತ್ರ ಇಡಬಹುದಾದ್ದರಿಂದ, ಬೇಸಿಗೆಯಲ್ಲಿ ಕೊಟ್ಟದ್ದು ಮಳೆಗಾಲದ ಹೆರಿಗೆಗೋ ಅಪಘಾತಕ್ಕೋ ಒದಗುವುದಿಲ್ಲ. ಆದರೆ ಕಕ್ಕಡ ಮಾಸದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡಗಿನ ಮಳೆಯ ತಿಂಗಳು) ಜನರೆಲ್ಲ ನಾಟಿ ಗದ್ದೆಯಲ್ಲಿರುತ್ತಾರೆ, ಒಳಹಳ್ಳಿಗಳಿಗೆ ಬಸ್ಸು ಅಪರೂಪ, ಮತ್ತು 2018ರ ಆಗಸ್ಟ್‌ನ ಭೂಕುಸಿತ ಕಂಡ ಮಾದಾಪುರ, ಹಟ್ಟಿಹೊಳೆಯ ಕಡೆಯವರು ಮಳೆ ಜೋರಾದಾಗ ಮನೆ ಬಿಟ್ಟು ಹೊರಡಲು ಹಿಂಜರಿಯುವುದು ಸಹಜ.

ಈ ಬಾರಿ ಬೆಳಿಗ್ಗೆ ಖಾಲಿಯಿದ್ದ ಶಿಬಿರಕ್ಕೆ ತಾವು ತೋಟದ ಲೈನ್ ಮನೆಗಳಿಂದ (ಕಾರ್ಮಿಕರ ಸಾಲುಮನೆಗಳಿಂದ) ದಾನಿಗಳನ್ನು ಜೀಪಿನಲ್ಲಿ ಕರೆತಂದಿರಿ. ಕಾರ್ಮಿಕರ ಅಂದಿನ ಕೂಲಿ ಕಡಿತವಾಗದಂತೆ ಮೇಸ್ತ್ರಿಯೊಡನೆ ಮೊದಲೇ ಮಾತನಾಡಿದ್ದಿರಿ ಎಂಬುದು ನಮಗೆ ಆಮೇಲೆ ತಿಳಿಯಿತು. ಇದು ನಮಗೇ ಹೊಳೆಯಬೇಕಿದ್ದ ವಿಚಾರ. ಹಿಮೋಗ್ಲೋಬಿನ್ ರಕ್ತದಾನಕ್ಕೆ ಬೇಕಾದ 12.5 ಗ್ರಾಂಗಿಂತ (ಪ್ರತಿ ಡೆಸಿಲೀಟರಿಗೆ) ಕಡಿಮೆಯಿದ್ದ ಹೆಂಗಸರನ್ನು ಬರಿಗೈಯಲ್ಲಿ ಕಳುಹಿಸದೆ, ವೈದ್ಯರ ಬಳಿ ಕೂರಿಸಿ ಕಬ್ಬಿಣಾಂಶದ ಮಾತ್ರೆ ಬರೆಸಿಕೊಟ್ಟವರೂ ತಾವೇ.

ಮುಂದಿನ ಶಿಬಿರದ ದಿನಾಂಕವನ್ನು ನಾಟಿ ಮುಗಿದ ಮೇಲೆ, ತೋಟದವರನ್ನು ಕೇಳಿಯೇ ನಿಗದಿ ಮಾಡುತ್ತೇವೆ. ತಮಗೆ ನಮ್ಮೆಲ್ಲರ ಹೃತ್ಪೂರ್ವಕ ವಂದನೆಗಳು.