ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಗಂಟೆ ಲೆಕ್ಕ ಹೀಗೆ ಹಾಕಿ

ಎಲ್ಲರ ಗಮನಕ್ಕೆ: ನೇರ ದೂರ ಸುಮಾರು 14,000 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗ ಹಿಡಿದರೂ ಆಕಾಶದಲ್ಲೇ ಹದಿನೈದೂವರೆ ಗಂಟೆ. ರನ್‌ವೇ ಓಡಾಟ ಸೇರಿ 16. ಎದುರುಗಾಳಿ ಸಿಕ್ಕರೆ ಇನ್ನೂ ಹೆಚ್ಚು. ಗಾಳಿ ನೋಡಿಯೇ ದಾರಿ ಬದಲಿಸುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದಲೇ ಬೆಂಗಳೂರಿಗೆ ಬಂದಿದ್ದರು.

ಹೆಚ್ಚಿನವರು ಎಡವುವುದು ಟಿಕೆಟ್ ಓದುವಾಗ. ಅದರಲ್ಲಿರುವುದು ಆಯಾ ಊರಿನ ಸಮಯ. ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ನಮ್ಮಲ್ಲಿ ಮಂಗಳವಾರ ಬೆಳಗ್ಗೆ 6. ಅಲ್ಲಿ ಇನ್ನೂ ಸೋಮವಾರ ಸಂಜೆ 5.30! ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಕಳೆಯಿರಿ, ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಹದಿಮೂರೂವರೆ.

ಅಪ್ಪ-ಅಮ್ಮನನ್ನು ಕಳಿಸುವವರೇ, ಮಾತ್ರೆಯ ವೇಳೆಯನ್ನು ಹಾರಾಟದ ಗಂಟೆಯಲ್ಲಿ, ಅಂದರೆ ವಿಮಾನ ಹೊರಟು ಎಷ್ಟು ಗಂಟೆಯಾದ ಮೇಲೆ ಎಂದು ಬರೆದುಕೊಡಿ, ಗಡಿಯಾರದ ಸಮಯದಲ್ಲಿ ಬೇಡ. ದಯವಿಟ್ಟು ಮೊದಲೇ ವೈದ್ಯರಿಗೆ ತೋರಿಸಿ.