ಹತ್ತು ತಿಂಗಳ ಅಡ್ವಾನ್ಸ್ ನಿಲ್ಲಲಿ, ಬಾಡಿಗೆ ಕೋರ್ಟೂ ಬರಲಿ

ಮಾನ್ಯ ಸಂಪಾದಕರೇ,

ಹನುಮಂತನಗರದಲ್ಲಿ ನಮ್ಮದು ಹಳೇ ಮನೆ. ಕೆಳಗೆ ನಾನಿದ್ದೇನೆ, ಮಹಡಿ ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ನನಗೆ ಪಿಂಚಣಿ ಇಲ್ಲ, ಆ ಬಾಡಿಗೆಯೇ ಜೀವನ. ಆದರೂ ಹೇಳುತ್ತೇನೆ, ಬೆಂಗಳೂರಿನಲ್ಲಿ ನಾವು ಓನರ್‌ಗಳು ಕೇಳುವ ಹತ್ತು ತಿಂಗಳ ಅಡ್ವಾನ್ಸ್ ನಿಲ್ಲಬೇಕು. ಯಾಕೆ ಅಷ್ಟು ಕೇಳುತ್ತೇವೆ ಅನ್ನುವುದನ್ನೂ ಸರ್ಕಾರ ನೋಡಬೇಕು.

ಹಿಂದೆ ಮೇಲಿದ್ದವರು ಬಾಡಿಗೆ ಕೊಡುವುದನ್ನು ನಿಲ್ಲಿಸಿ, 'ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ ಆಂಟಿ' ಅಂದರು. ಮುರಿದುಕೊಂಡೆ. ಅಡ್ವಾನ್ಸೆಲ್ಲ ಕರಗಿದರೂ ಮನೆ ಬಿಡಲಿಲ್ಲ. ವಕೀಲರನ್ನು ಕೇಳಿದರೆ, 1999ರ ಕರ್ನಾಟಕ ಬಾಡಿಗೆ ಕಾಯ್ದೆ ನಿಮ್ಮ ಮನೆಗೆ ಅನ್ವಯಿಸುವುದೇ ಇಲ್ಲ ಅಂದರು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗಳು ಅದರ ಹೊರಗಂತೆ. ಈಗ ಆ ದುಡ್ಡಿಗೆ ನೆಟ್ಟಗೆ ಒಂದು ರೂಮಾದರೂ ಸಿಗುತ್ತದಾ? ನಮಗುಳಿದದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆ. 15 ದಿನದ ನೋಟಿಸ್ ಕೊಡಬೇಕು, ಆಮೇಲೆ ದಾವೆ ಹೂಡಬೇಕು. ಅದು ಎಷ್ಟು ವರ್ಷ ಎಳೆಯುತ್ತದೋ ಅಂತ ಹೆದರಿ, ಬಾಕಿ ಬಿಟ್ಟುಕೊಟ್ಟು ಕಳಿಸಿದೆ. ನೀರು ನಿಲ್ಲಿಸಿ, ಬೀಗ ಜಡಿಯಿರಿ ಅಂದವರೂ ಇದ್ದರು. ಹಾಗೆ ಹೊರಹಾಕಿದರೆ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಬರಬಹುದು. ಅದು ನ್ಯಾಯವೇ ಬಿಡಿ.

ಬಾಡಿಗೆದಾರರ ಪಾಡೂ ಕಂಡಿದ್ದೇನೆ. ಎದುರು ಮನೆಯಲ್ಲಿದ್ದ ಕೆಲಸಕ್ಕೆ ಹೋಗುವ ಹುಡುಗಿಯರು ಖಾಲಿ ಮಾಡಿದಾಗ, ಆ ಮನೆ ಓನರ್ ಅಡ್ವಾನ್ಸ್‌ನಲ್ಲಿ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದರು. ಗೋಡೆಗೆ ಮೊಳೆ ಹೊಡೆದಿದ್ದಕ್ಕೆ ಬೇರೆ. ಮಿಕ್ಕಿದ್ದು 'ಹೊಸಬರು ಬಂದ ಮೇಲೆ'. ಅಷ್ಟು ದುಡ್ಡಿಗೆ ಯಾರು ಕೋರ್ಟಿಗೆ ಅಲೆಯುತ್ತಾರೆ?

2021ರಲ್ಲಿ ಕೇಂದ್ರ ಒಂದು ಮಾದರಿ ಬಾಡಿಗೆ ಕಾಯ್ದೆ ತಂದಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಕರಾರನ್ನು ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಜಗಳಕ್ಕೆ ಬೇರೆಯೇ ಬಾಡಿಗೆ ಕೋರ್ಟು, ಅದು 60 ದಿನದೊಳಗೆ ಮುಗಿಸಲು ನೋಡಬೇಕು. ಅವಧಿ ಮುಗಿದರೂ ಮನೆ ಬಿಡದಿದ್ದರೆ ಮೊದಲ ಎರಡು ತಿಂಗಳು ದುಪ್ಪಟ್ಟು ಬಾಡಿಗೆ, ಆಮೇಲೆ ನಾಲ್ಕು ಪಟ್ಟು. ಆದರೆ ಇದು ಬರೀ ಮಾದರಿ, ರಾಜ್ಯವೇ ಕಾನೂನು ಮಾಡಬೇಕು. ನಾಲ್ಕು ಪಟ್ಟು ನನಗೂ ಸ್ವಲ್ಪ ಜಾಸ್ತಿ ಅನಿಸುತ್ತದೆ. ಕೋರ್ಟು ಬೇಗ ಮುಗಿಸಿಕೊಟ್ಟರೆ ನನಗೆ ಎರಡು ತಿಂಗಳ ಅಡ್ವಾನ್ಸ್ ಸಾಕು.

ಅಡ್ವಾನ್ಸ್ ಮಿತಿಯೊಂದನ್ನೇ ತಂದು ಕೋರ್ಟು ಮರೆತರೆ, ಓನರ್‌ಗಳು ಕರಾರಿನಲ್ಲಿ ಎರಡು ತಿಂಗಳದ್ದು ಬರೆಸಿ, ಮಿಕ್ಕಿದ್ದನ್ನು ನಗದಾಗಿ ಕೈಗೇ ಕೊಡಿ ಅನ್ನುತ್ತಾರೆ. ನಮ್ಮ ಬೀದಿಯವರನ್ನು ನಾನು ಬಲ್ಲೆ.

– ಮನೆ ಓನರ್ ಒಬ್ಬರು, ಹನುಮಂತನಗರ, ಬೆಂಗಳೂರು