ಭಾನುವಾರ ಎಂಜಿನ್ ಜೋಡಣೆ: ಪಾಲುದಾರರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 9ಕ್ಕೆ ಮಲ್ಪೆ ಶೆಡ್‌ನಲ್ಲಿ ನಮ್ಮ ಬೋಟಿನ ಎಂಜಿನ್ ಜೋಡಿಸೋಣ. ಜುಲೈ 31ಕ್ಕೆ ಮೀನುಗಾರಿಕೆ ರಜೆ ಮುಗಿಯುತ್ತದೆ, ದಿನ ಜಾಸ್ತಿ ಇಲ್ಲ. ಪಾಲುದಾರರೆಲ್ಲ ಬನ್ನಿ.

ಎಂಜಿನ್ನಿನ ಭಾಗಗಳು ಬೇರೆ ಬೇರೆ ಕಡೆಯವು: ಬ್ಲಾಕ್ (ಎಂಜಿನ್ನಿನ ಮುಖ್ಯ ಒಡಲು) ಒಂದು ಬೋಟಿನದು, ಕ್ರ್ಯಾಂಕ್ (ಒಳಗೆ ತಿರುಗುವ ದಂಡ) ಇನ್ನೊಂದರದು, ಹೆಡ್ (ಮೇಲಿನ ಮುಚ್ಚಳ) ಗುಜರಿಯದು. ಮೂರೂ 6 ಸಿಲಿಂಡರ್‌ನವೇ. ಹಾಗಂತ ಅಳತೆಯೂ ಒಂದೇ ಅಂದುಕೊಳ್ಳಬೇಡಿ. ಕ್ರ್ಯಾಂಕನ್ನು ಹಿಂದೆ ಯಾರೋ 0.50 ಮಿ.ಮೀ. ಗ್ರೈಂಡ್ ಮಾಡಿಸಿ ಸಣ್ಣ ಮಾಡಿಸಿದ್ದಾರೆ. ಬೇರಿಂಗ್ ಕೂಡ ಅದೇ ಅಂಡರ್‌ಸೈಜ್‌ನದು (ಸಣ್ಣಗಾದ ಕ್ರ್ಯಾಂಕಿಗೆ ಹೊಂದುವುದು) ಬೇಕು, ಸ್ಟ್ಯಾಂಡರ್ಡ್ ತರಬೇಡಿ. ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪ್‌ಗಳನ್ನಂತೂ ಅದಲು ಬದಲು ಮಾಡಲೇಬೇಡಿ. ಅವನ್ನು ಬ್ಲಾಕಿಗೆ ಕೂರಿಸಿಯೇ ಬೋರ್ ಮಾಡಿರುತ್ತಾರೆ, ಅಂದರೆ ತೂತು ಕೊರೆದಿರುತ್ತಾರೆ. ಬೇರೆ ಬ್ಲಾಕಿನದು ಹಾಕಿದರೆ ಕ್ರ್ಯಾಂಕ್ ತಿರುಗದೆ ಹಿಡಿದುಕೊಳ್ಳುತ್ತದೆ. ಕಳೆದ ಸಲ ನಾನೇ ಹೀಗೆ ಮಾಡಿ ಎರಡು ದಿನ ಸುಮ್ನೆ ಹಾಳಾಯಿತು, ನೆನಪಿದೆ ಅಲ್ವಾ?

ಮೈಕ್ರೋಮೀಟರ್, ಟಾರ್ಕ್ ರೆಂಚ್ ಇದ್ದವರು ತನ್ನಿ. ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ಹೊಸದೇ ಹಾಕೋಣ, ಅದರಲ್ಲಿ ಉಳಿತಾಯ ಬೇಡ. ಬಿಚ್ಚಿಟ್ಟ ನಟ್ಟು ಬೋಲ್ಟು ಯಾರ ಮನೆಯಲ್ಲಿದ್ದರೂ ಶನಿವಾರವೇ ಶೆಡ್‌ಗೆ ತಲುಪಿಸಿ.

ಯಾರು ಬರುತ್ತೀರಿ, ಏನು ತರುತ್ತೀರಿ ಎಂದು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಮಧ್ಯಾಹ್ನಕ್ಕೆ ಗಂಜಿ, ಒಣಮೀನಿನ ಚಟ್ನಿ ಇದೆ. ತಲೆ ಲೆಕ್ಕ ಬೇಕು.